ಎಂಜಲು ಕೇಳಿ ಬಂದವಳು

ಬಾಕಿಸಿಯೊ ಮಾವನ ಕುರಿದೊಡ್ಡಿಗೆ ಕಾರು ಹೋಗುವುದಿಲ್ಲ.
ಕಾರ್ಕ್ ಮರಗಳ ಕೆಳಗೆ ಬಿಟ್ಟು ಹತ್ತಿದೆವು,
ಮುಂದೆ ದುಭಾಷಿ ನಾನು, ಹಿಂದೆ ಫಿನ್ಲೆಂಡಿನ ಹಿಲ್ಕಾ,
ಅವಳ ಹೆಗಲಿಗೆ ನೀಲಿ ಪೆಟ್ಟಿಗೆ,
ಪೆಟ್ಟಿಗೆಯಲ್ಲಿ ನಲವತ್ತು ಕೊಳವೆ.
ಅರ್ಧ ದಾರಿಗೇ ಮುಖ ಕೆಂಪೇರಿ ಕೇಳಿದಳು,
ನೀರಿಗೆ ಇಲ್ಲಿ ಏನನ್ನುತ್ತೀರಿ?
ಅಬ್ಬ, ಅಂದೆ.
ಅಬ್ಬ, ಅಬ್ಬ, ಎಂದು ಬಾಯಿಪಾಠ ಮಾಡುತ್ತ ಏರಿದಳು.

ನದಿಯ ಮೂಲ ಕೇಳಬಾರದಂತೆ.
ಇವಳಿಗೆ ಅದನ್ನು ಕೇಳುವುದಕ್ಕೇ ಸಂಬಳ.

ಮಾವ ಟೋಪಿ ತೆಗೆಯಲಿಲ್ಲ.
ಎಪ್ಪತ್ತೊಂಬತ್ತು ವರ್ಷ, ಬಾಯಲ್ಲಿ ಆರು ಹಲ್ಲು.
ಏನು ಬೇಕಂತೆ?
ನಿನ್ನ ಎಂಜಲು, ಅಂದೆ.
ತೆರಿಗೆ ಕೇಳಿ ಬಂದರು, ಓಟು ಕೇಳಿ ಬಂದರು,
ಉಣ್ಣೆ ಕೇಳಿ, ಹೆಣ್ಣು ಕೇಳಿ,
ಒಮ್ಮೆ ಓಡಿಹೋದ ಕಳ್ಳನ ಜಾಡು ಕೇಳಿ ಬಂದರು.
ಎಂಜಲು ಕೇಳಿ ಬಂದವಳು ಇವಳೇ ಮೊದಲು
ಎಂದು ನಗುತ್ತ, ಕೊಳವೆಯ ಗೆರೆ ಮುಟ್ಟುವ ತನಕ ಉಗಿದ.
ನಡುವೆ ಬಾಯೊಣಗಿ ಎರಡು ಸಲ ನಿಲ್ಲಿಸಿದ.
ನಾಯಿ ಗುರ್ರೆಂದಿತು:
ಯಜಮಾನ ಉಗಿದದ್ದಕ್ಕೆ ಮುಚ್ಚಳ ಹಾಕಿ
ಹೆಸರು ಬರೆದಿಟ್ಟುಕೊಳ್ಳುವವರನ್ನು ಅದೂ ಕಂಡಿರಲಿಲ್ಲ.

ಆಮೇಲೆ ಉಪಚಾರ. ಆಗಷ್ಟೇ ಕರೆದ ಹಾಲು.
ಹಿಲ್ಕಾ ಒಂದೇ ಉಸಿರಿಗೆ ಲೋಟ ಬರಿದು ಮಾಡಿದಳು.
ಮಾವ ಕಣ್ಣು ಕಿರಿದು ಮಾಡಿ ನೋಡಿದ.
ಅಜ್ಜನ ಅಜ್ಜನಿಂದ ಕುರಿ ಕಾಯ್ದ ಮನೆ ನಮ್ಮದು,
ಹಾಲು ಕುಡಿದರೆ ಹೊಟ್ಟೆ ಗುಡುಗುತ್ತದೆ.
ಕಾಯಿಸಿ, ಹೆಪ್ಪು ಹಾಕಿ, ಹಿಂಡಿ, ಹೊಗೆಗಿಟ್ಟು,
ತಿಂಗಳುಗಟ್ಟಲೆ ಕಾದು ಕಲ್ಲಾದ ಮೇಲಷ್ಟೇ
ಅದು ನಮ್ಮ ಮಾತು ಕೇಳುವುದು.
ಹಿಮದ ನಾಡಿನವಳಿಗೆ ಹಾಗೇ ಅರಗುತ್ತದೆ!
ಇದು ಯಾರ ಲೆಕ್ಕ, ಎಂದ.
ಅದನ್ನೇ ಹುಡುಕುತ್ತಿರುವುದು, ಎಂದಳು,
ತುಟಿಯ ಮೇಲಿನ ನೊರೆ ಒರೆಸಿಕೊಂಡು.

ಗವಿನಾ ಅತ್ತೆ ಎದ್ದು ಕಿಟಕಿ ಮುಚ್ಚಿದಳು.
ಕೆಳಗಿನ ಹೊಲದಲ್ಲಿ ಫಾವಾ ಅವರೆ ಹೂಬಿಟ್ಟಿತ್ತು.
ಆ ಕಾಳು ತಿಂದು ಮೂರೇ ದಿನಕ್ಕೆ
ಅರಿಶಿನದ ಬಣ್ಣಕ್ಕೆ ತಿರುಗಿ ಹೋದವನು ಅವಳ ತಮ್ಮ. ಏಳು ವರ್ಷ.
ಜೌಗಿನ ಜ್ವರದಿಂದ ನಿಮ್ಮನ್ನು ಕಾಯ್ದದ್ದೂ
ರಕ್ತದ ಅದೇ ತಪ್ಪು, ಎಂದಳು ಹಿಲ್ಕಾ.
ನಾನು ಅದನ್ನು ಅತ್ತೆಯ ಮಾತಿಗೆ ತಿರುಗಿಸಲಿಲ್ಲ.
ಹಿಲ್ಕಾಗೂ ಒಬ್ಬ ಅಣ್ಣ ಇದ್ದನಂತೆ;
ಹಿಮದ ನಡುವೆ ಕೆಲವೇ ಮನೆ, ಆ ಮನೆಗಳೊಳಗೇ ಮದುವೆ,
ಕಾಯಿಲೆಯ ಹೆಸರು ಉದ್ದ.
ಅದನ್ನೂ ತಿರುಗಿಸಲಿಲ್ಲ.
ಅತ್ತೆ ಇನ್ನೊಂದು ತುಂಡು ಚೀಸು ಅವಳ ತಟ್ಟೆಗೆ ಹಾಕಿದಳು.

ಚಳಿಗಾಲಕ್ಕೆ ನಕ್ಷೆ ಬಂತು.
ಗೆರೆ ಎಳೆಯದೆ ಬಿಟ್ಟ ಚುಕ್ಕಿಗಳು, ಅಷ್ಟೆ.
ಆದರೂ ನೋಡನೋಡುತ್ತ ಯುರೋಪು ಎದ್ದು ಬಂತು.
ಸ್ಪೇನಿನವರು ಸ್ಪೇನಿನ ಮೂಲೆಗೆ;
ಪೋಲರು ಜೆಕ್ಕರು ಬಸ್ಸಿನಲ್ಲಿ ನಿಂತ ಹಾಗೆ ಹೆಗಲಿಗೆ ಹೆಗಲು;
ಮೊನ್ನೆ ಮೊನ್ನೆ ಕೊಂದುಕೊಂಡ ಸರ್ಬರು, ಕ್ರೋಟರು
ಯಾರು ಯಾರೆಂದು ಬಿಡಿಸಲಾಗದ ಹಾಗೆ.
ಎಲ್ಲರಿಂದ ದೂರ, ಮೇಲೆ, ಹಿಲ್ಕಾಳ ಜನ.
ಎಲ್ಲರಿಂದ ದೂರ, ಕೆಳಗೆ, ಮಾವ.
ಅಲ್ಲೂ ದ್ವೀಪ!
ಮಾವ ಎದೆಯುಬ್ಬಿಸಿದ.

ಉಬ್ಬಬೇಡಿ, ಎಂದು ಹಿಂಬದಿಗೆ ಬರೆದಿದ್ದಳು.
ಇಷ್ಟು ದೂರ ಕಾಣಲೆಂದು
ಕೂದಲೆಳೆಯನ್ನು ಹಿಗ್ಗಿಸಿ ಹಗ್ಗ ಮಾಡಿದ್ದೇವೆ.
ಉಳಿದದ್ದನ್ನೂ ಬರೆದಿದ್ದರೆ
ಎಲ್ಲ ಚುಕ್ಕಿಯೂ ಒಂದೇ ಕಡೆ ಬಿದ್ದು
ಒಂದು ಮಸಿಮುದ್ದೆ.
ಅದನ್ನು ಯಾರೂ ಅಚ್ಚು ಹಾಕುವುದಿಲ್ಲ.

ನಲವತ್ತನೆಯ ಕೊಳವೆ ನನ್ನದು,
ಉಳಿದುಹೋಯಿತಲ್ಲ ಎಂದು ಉಗಿದದ್ದು.
ಅಮ್ಮ ಈ ಬೆಟ್ಟದವಳು.
ಅಪ್ಪ ಆಚೆ ದಡದ ಲಿವೋರ್ನೊದವನು,
ರಾತ್ರಿ ಹಡಗಿನಲ್ಲಿ ಟಿಕೆಟ್ಟು ಹರಿಯುತ್ತಿದ್ದವನು.
ಮಾವ ಕನ್ನಡಕ ಏರಿಸಿ ಬೆರಳಿಟ್ಟು ಹುಡುಕಿದ.
ದ್ವೀಪದಲ್ಲಿ ನಾನಿಲ್ಲ.
ಆಚೆ ದಡದ ಗುಂಪಿನಲ್ಲೂ ಇಲ್ಲ.
ನಡುವೆ ಬಿಳೀ ಹಾಳೆ, ಅದರಲ್ಲೊಂದು ಚುಕ್ಕಿ,
ಅಕ್ಕಪಕ್ಕ ಯಾರೂ ಇಲ್ಲ.
ಬೆರಳು ಅಲ್ಲೇ ನಿಂತಿತು,
ಉಗುರಿನ ಸಂದಿಯಲ್ಲಿ ಹೆಪ್ಪಿನ ಬಿಳುಪು.
ಬಹಳ ಹೊತ್ತು ನೋಡಿ
ಅಬ್ಬ, ಎಂದ.